ರಾಮಲಿಂಗ ಸರ್ ಪದ್ಧತಿ ಬದಲಾಯಿಸಿದ್ದು

ಕರಜಗಿಯ ಬಜಾರದಲ್ಲಿ ಗೊಬ್ಬರದ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ರಾಮಲಿಂಗ ಸರ್ ಒಳ್ಳೆಯ ಮನುಷ್ಯರು. ಯಾರಿಗೂ ಕೆಡುಕು ಮಾಡಿದವರಲ್ಲ. ಕೆಡುಕು ಮಾಡಬೇಕಾದರೆ ಎದುರಿನವರು ಏನು ಹೇಳುತ್ತಿದ್ದಾರೆ ಎಂದು ಮೊದಲು ಕೇಳಿಸಿಕೊಳ್ಳಬೇಕು. ಆ ಅಭ್ಯಾಸ ಅವರಿಗಿರಲಿಲ್ಲ. ತಲೆಯೊಳಗೆ ಸದಾ ಏನೋ ಒಂದು ತಿರುಗುತ್ತಿರುತ್ತಿತ್ತು. ಹೆಂಡತಿ ನಂದಾ ಚಹಾಪುಡಿ ತರಲು ಕಳಿಸಿದರೆ ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಬರುತ್ತಿದ್ದರು, ಅದೂ ಬಲಗಾಲಿನದು ಒಬ್ಬರದು, ಎಡಗಾಲಿನದು ಇನ್ನೊಬ್ಬರದು. ಚಹಾಪುಡಿ ತರುತ್ತಿರಲಿಲ್ಲ.

ಈ ಸರ್ ಒಂದು ಭಾಷೆ ಹುಟ್ಟಿಸಿದ್ದರು. ಮನುಷ್ಯರಾಡುವ ಭಾಷೆಯಲ್ಲ, ಆ ಕೆಲಸ ಮೊದಲೇ ಆಗಿಹೋಗಿದೆ. ಇದು ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆ. ಗಡಿಯಾಚೆ ಮರಾಠಿ ರಾಜ್ಯಕ್ಕೆ ಸೇರಿದ ಜತ್ತ ತಾಲೂಕಿನ ಆ ಭಾಗದ ಮಕ್ಕಳು ಸಾಲಿ ಕಲಿಯುವುದು ಕನ್ನಡದಲ್ಲಿ, ಕಚೇರಿಯಲ್ಲಿ ಮಾತಾಡುವುದು ಮರಾಠಿಯಲ್ಲಿ, ಕಂಪ್ಯೂಟರಿನ ಮುಂದೆ ಕೂತರೆ ಇಂಗ್ಲಿಷು. ಹೀಗಾಗಿ ಮೂರನೆಯದರಲ್ಲಿ ತಪ್ಪು ಮಾಡಿ, ಎರಡನೆಯದರಲ್ಲಿ ಬೈಸಿಕೊಂಡು, ಮೊದಲನೆಯದರಲ್ಲಿ ಅಳುತ್ತಿದ್ದರು. ಇದನ್ನು ನೋಡಲಾರದೆ ಸರ್, ಕೊರೋನಾ ಕಾಲದಲ್ಲಿ ಮನೆಯಲ್ಲಿ ಸುಮ್ಮನೆ ಕೂತಾಗ, ಅಚ್ಚಗನ್ನಡದ ಒಂದು ಭಾಷೆ ಕಟ್ಟಿದರು. ಕುರಿ ಕಾಯುವವರು ಕೋಲು ಚಾಚಿ ಹಿಂಡಿಗೆ ದಾರಿ ತೋರಿಸುವ ಹಾಗೆ ಇದು ಯಂತ್ರಕ್ಕೆ ದಾರಿ ತೋರಿಸುತ್ತದೆಂದು ಅದಕ್ಕೆ 'ಕೋಲು' ಎಂದು ಹೆಸರಿಟ್ಟರು.

ಕ್ಲಾಸಿಗೆ ಬರುವವರಲ್ಲಿ ಅರ್ಧಕ್ಕರ್ಧ ದರಿಬಡಚಿ ಕಡೆಯ ಕುರಿಗಾರರ ಮನೆಯವರು. ಆದ್ದರಿಂದ ಪಾಠದ ಉದಾಹರಣೆಯೂ ಕುರಿಯದೇ. 'ಕುರಿ' ಎಂಬುದು ಒಂದು ವರ್ಗ. ಆ ವರ್ಗದಲ್ಲಿ ಹುಟ್ಟಿದ ಒಂದೊಂದು ಕುರಿಯೂ ಒಂದೊಂದು ವಸ್ತು. ಕುರಿಗೆ ಮೇಯುವುದು, ನಡೆಯುವುದು, ಒದರುವುದು ಗೊತ್ತು. ಹೀಗೆ ಗೊತ್ತಿರುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಮೆಥಡ್ ಎನ್ನುತ್ತಾರೆ. ಅದಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ಸರ್ ನಿಘಂಟು ತೆರೆದು ನೋಡಿದರು. 'ಪದ್ಧತಿ' ಎಂದಿತ್ತು. ಪದ್ಧತಿ ಎಂದೇ ಇಟ್ಟರು. ಮುಂದೆ ನಡೆದದ್ದಕ್ಕೆಲ್ಲ ಆ ನಿಘಂಟೇ ಹೊಣೆ ಎಂಬುದು ಅವರ ಇಂದಿನವರೆಗಿನ ನಂಬಿಕೆ.

ಕುರಿಗೆ ಮೇಯುವುದನ್ನು ಕಲಿಸಬೇಕಾದರೆ 'ಪದ್ಧತಿ ಮೇಯು (ತಾನು, ಹುಲ್ಲು)' ಎಂದು ಬರೆಯಬೇಕು. ಅದರ ಕೆಳಗೆ ಏನೇನು ಮಾಡಬೇಕೆಂದು ಹೇಳಬೇಕು. ಕೊನೆಗೆ 'ಪದ್ಧತಿ ಮುಗಿಯಿತು' ಎನ್ನಬೇಕು. 'ತಾನು' ಎಂದರೆ ಮೇಯುತ್ತಿರುವ ಆ ಕುರಿಯೇ. ಅದನ್ನು ಬರೆಯಲು ಮರೆತರೆ ಪರದೆಯ ಮೇಲೆ ಕೆಂಪಕ್ಷರದಲ್ಲಿ 'ತಾನು ಎಲ್ಲಿ?' ಎಂದು ಮೂಡುತ್ತಿತ್ತು. ಎಲ್ಲರೂ ಮರೆಯುತ್ತಿದ್ದರು. ಎಲ್ಲರೂ ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ಹೊತ್ತು ಹೊರಟಾಗಿನಿಂದ ಮುಳುಗುವವರೆಗೆ ಮಾಳಿಗೆಯ ತುಂಬ 'ತಾನು ಎಲ್ಲಿ, ತಾನು ಎಲ್ಲಿ'. ಕೆಳಗೆ ಯೂರಿಯಾ ಕೊಳ್ಳಲು ಬಂದವರು ಮೇಲೆ ಪ್ರವಚನ ನಡೆದಿದೆ ಎಂದು ತಿಳಿದು ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದರು.

ಹೀಗಿರುವಾಗ ಒಂದು ದಿನ, ಕ್ಲಾಸಿಗೆ ಬರುತ್ತಿದ್ದ ಅಂಗನವಾಡಿಯ ದಾಕ್ಷಾಯಣಿ ಕೆಂಪಕ್ಷರ ನೋಡಿ ನೋಡಿ ಬೇಸತ್ತು ಕೇಳಿದಳು.

"ಸರ, ಕುರಿ ಮೇಯಾಕ ಹೋದಾಗ ತಾನ ಹೋಗಿರತೈತಲ್ರಿ? ಬ್ಯಾರೇದ್ದನ್ನ ಕಳಿಸಿ ತಾ ಮನ್ಯಾಗ ಇರಂಗಿಲ್ಲಲ್ಲ. ಮತ್ತ ಪ್ರತಿ ಸಲ 'ತಾನು' ಅಂತ ಯಾಕ ಹೇಳಬೇಕು?"

"ಹಂಗ ಬರೀಬೇಕವ್ವ. ಅದು ಪದ್ಧತಿ," ಎಂದರು ಸರ್.

ಎಂದರು, ನಿಜ. ಆದರೆ ಆ ಪ್ರಶ್ನೆ ಚಪ್ಪಲಿಯೊಳಗಿನ ಜಾಲಿಮುಳ್ಳಿನ ಹಾಗೆ ಚುಚ್ಚತೊಡಗಿತು. ಹೌದಲ್ಲ, ಕುರಿಯ ವರ್ಗದೊಳಗೆ ಬರೆದದ್ದೆಲ್ಲ ಕುರಿಯದೇ. ಮತ್ತೆ ಮತ್ತೆ ಹೇಳುವುದೇಕೆ? ಸರ್ ಊಟ ಮರೆತು ಸುಧಾರಣೆಗೆ ಕೂತರು. ಮೊದಲು 'ತಾನು' ತೆಗೆದು 'ನಾ' ಎಂದಿಟ್ಟರು. ಓದಿದರೆ ಸರ್ ಅವರೇ ಹುಲ್ಲು ಮೇಯಲು ಹೊರಟಂತೆ ಕಾಣುತ್ತಿತ್ತು. ಆಮೇಲೆ ಪದ್ಧತಿಯ ಮುಂದೆ ಬರೀ ಒಂದು ಚುಕ್ಕೆ ಇಟ್ಟರೆ ಸಾಕೆಂದು ಮಾಡಿದರು. ಪರದೆಯ ಮೇಲೆ ನೊಣ ಕೂತರೂ ಮಕ್ಕಳು ಅದನ್ನು ಪದ್ಧತಿ ಎಂದು ಓದಿದರು. ಕೊನೆಗೆ 'ತಾನು' ಬಿಟ್ಟರು, 'ಮುಗಿಯಿತು' ಬಿಟ್ಟರು, 'ಪದ್ಧತಿ' ಎಂಬ ಮಾತನ್ನೇ ಬಿಟ್ಟರು. 'ಮೇಯು ಹುಲ್ಲು' ಎಂದು ಬರೆದರೆ ಆಯಿತು, ಕೆಳಗಿನ ಸಾಲುಗಳನ್ನು ತುಸು ಒಳಗೆ ಸರಿಸಿದರೆ ಯಂತ್ರವೇ ತಿಳಿದುಕೊಳ್ಳುತ್ತದೆ. ನೋಡಿದರೆ ಕನ್ನಡದ ಹಾಗೆಯೇ ಕಾಣುತ್ತಿತ್ತು. ಸರ್ ಎದ್ದು ನಿಂತು ತಮಗೆ ತಾವೇ ಶಾಲು ಹೊದಿಸಿಕೊಳ್ಳುವುದೊಂದು ಬಾಕಿ.

ಒಂದೇ ತೊಡಕು. ಹೊಸ ರೀತಿ ಬಂದರೆ ಮಕ್ಕಳು ಹಳೆಯ ರೀತಿಯಲ್ಲಿ ಬರೆದಿಟ್ಟದ್ದು ಒಂದೂ ನಡೆಯುವುದಿಲ್ಲ. ಅದಕ್ಕೆ ಸರ್ ಕಂಡುಕೊಂಡ ಪರಿಹಾರವೆಂದರೆ ಭಾಷಣ. ದೊಡ್ಡ ದೊಡ್ಡ ಭಾಷೆ ಹುಟ್ಟಿಸಿದವರೆಲ್ಲ ಇಂಥ ಬದಲಾವಣೆಯನ್ನು ಜಗತ್ತಿಗೆ ಜಾಹೀರು ಮಾಡುತ್ತಾರೆಂದು ಅವರು ಓದಿದ್ದರು. ಕೋಲಿನ ಜಗತ್ತು ಗೊಬ್ಬರದಂಗಡಿಯ ಮಾಳಿಗೆಯನ್ನು ದಾಟಿರಲಿಲ್ಲ. ಹಾಗೆಂದು ಜಾಹೀರು ಮಾಡುವುದರಲ್ಲಿ ಕೊರತೆ ಮಾಡಬಾರದಷ್ಟೆ. ಸೋಮವಾರ ಕ್ಲಾಸಿನಲ್ಲಿ ಹೇಳಬೇಕಾದ ಭಾಷಣವನ್ನು ಶುಕ್ರವಾರ ಬೆಳಿಗ್ಗೆ ಹಿತ್ತಲಲ್ಲಿ, ಎಮ್ಮೆಯ ಮುಂದೆ ನಿಂತು, ಎದೆ ಸೆಟೆಸಿ ಒಮ್ಮೆ ಹೇಳಿ ನೋಡಿದರು.

"ಬಂಧು ಭಗಿನಿಯರೇ, ಬರೂ ಸೋಮವಾರದಿಂದ ಹಳೇ ಪದ್ಧತಿ ಬಂದ್. ಇಷ್ಟ ದಿನಾ ಪ್ರತಿಯೊಂದು ಪದ್ಧತಿಯೊಳಗ ಮೊದಲ ತಾನು, ಆಮ್ಯಾಲ ಉಳದದ್ದು, ಹಿಂಗ ನಡದಿತ್ತು. ಇನ್ನ ಮ್ಯಾಲ ತಾನು ಅನ್ನೂದು ಬ್ಯಾಡ. ತಾಯಿ ವರ್ಗದ ಪದ್ಧತಿ ಮಗಳ ವರ್ಗಕ್ಕ ವಾರಸಾ ಬರತಾವು, ಖರೇ. ಆದ್ರ ಮಗಳಿಗೆ ಬ್ಯಾಡಾದ್ರ ಅಕಿ ತಾಯಿ ಪದ್ಧತಿ ಬಿಟ್ಟು ತಂದ ತಾ ಮಾಡಕೋಬಹುದು, ಯಾರೂ ಕೇಳಂಗಿಲ್ಲ. ಹಳೇ ಪದ್ಧತಿ ಹಿಡಕೊಂಡ ಕುಂತವರದು ಏನೂ ನಡ್ಯಾಂಗಿಲ್ಲ. ಇದು ನನ್ನ ಕಡೀ ಮಾತು."

ಎಮ್ಮೆ ಮೆಲುಕಾಡುವುದನ್ನು ನಿಲ್ಲಿಸಿ ನೋಡಿತು. ಗೋಡೆಯ ಆಚೆ ಸಂಡಿಗೆ ಹಾಕುತ್ತಿದ್ದ ನೆರೆಮನೆಯ ದುಂಡವ್ವನೂ ಕೈ ನಿಲ್ಲಿಸಿದಳು.

ದುಂಡವ್ವನ ಬಗ್ಗೆ ಒಂದು ಮಾತು ಹೇಳಬೇಕು. ಆಕೆ ಸುಳ್ಳು ಹೇಳುವವಳಲ್ಲ, ಒಂದಕ್ಕೆ ಎರಡು ಸೇರಿಸುವವಳಲ್ಲ. ಕೇಳಿದ್ದನ್ನು ಕೇಳಿದ ಹಾಗೆ, ನಡುವೆ ಕೆಮ್ಮಿದ್ದರೆ ಕೆಮ್ಮನ್ನೂ ಸೇರಿಸಿ, ಒಪ್ಪಿಸುವವಳು. ತೊಂದರೆಯಾದದ್ದೇ ಅಲ್ಲಿ. ಸುಳ್ಳು ಹೇಳುವವಳಾಗಿದ್ದರೆ ಯಾರೂ ನಂಬುತ್ತಿರಲಿಲ್ಲ.

ಹಿಟ್ಟಿನ ಗಿರಣಿಯಲ್ಲಿ ದುಂಡವ್ವ ಭಾಷಣವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ ಮುಗಿಸಿದಾಗ ಗಿರಣಿಯವನು ಬೆಲ್ಟು ಜಾರಿದ್ದನ್ನೂ ಗಮನಿಸಲಿಲ್ಲ. ಊರಲ್ಲಿ ಎಲ್ಲರಿಗೂ ಗೊತ್ತಿತ್ತು: ಸರ್ ಮಗಳು ಶೀತಲಳ ಮದುವೆ ಡಫಳಾಪುರದ ಕಿರಾಣಿ ವ್ಯಾಪಾರಿ ಅಪ್ಪಾಸಾಹೇಬರ ಮಗ ಮಹಾಂತನ ಜೊತೆ ಗೊತ್ತಾಗಿದೆ, ದೀಪಾವಳಿ ಕಳೆದ ಮೇಲೆ ಅಕ್ಕಿಕಾಳು. ಇಂಥ ಹೊತ್ತಿನಲ್ಲಿ ಹುಡುಗಿಯ ತಂದೆ ಪದ್ಧತಿ ಬಂದ್ ಎಂದರೆ ಯಾವ ಪದ್ಧತಿ ಎಂದು ಬಿಡಿಸಿ ಹೇಳಬೇಕೆ? ಬಳಗಕ್ಕೆಲ್ಲ ಸೀರೆ ಬಟ್ಟೆ ಕೊಡುವ ಆಯೇರ ಬಂದ್, ಮಾನಪಾನ ಬಂದ್, ಬೀಗರ ಮುಂದೆ ತಲೆ ಬಾಗುವುದು ಬಂದ್. 'ಮೊದಲ ತಾನು' ಎಂದದ್ದು ಯಾರಿಗೆ ಎಂಬುದರ ಬಗ್ಗೆ ಮಾತ್ರ ಎರಡು ಅಭಿಪ್ರಾಯವಿತ್ತು. ಮದುವೆಗಳಲ್ಲಿ ಮೊದಲ ಪಂಕ್ತಿಗೆ ಹೋಗಿ ಕೂರುವ ಅಭ್ಯಾಸವಿದ್ದ ಕೆಲವರು ಅದು ತಮಗೇ ಎಂದು ಸುಮ್ಮನೆ ಎದ್ದು ಹೋದರು.

ನಂದಾ ಗಿರಣಿಯಿಂದ ಬಂದವರು ಹಿಟ್ಟಿನ ಡಬ್ಬಿ ಇಳಿಸಿ ಗಂಡನ ಎದುರು ನಿಂತರು.

"ಸೋಮವಾರದಿಂದ ಪದ್ಧತಿ ಬದಲಸ್ತೀರಂತ, ಖರೇನು?"

ಕೋಲು ಹುಟ್ಟಿದಂದಿನಿಂದ ಹೆಂಡತಿ ಅದರ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಇದು ಎಂದು ಸರ್ ತಿಳಿದರು. ಕಣ್ಣು ತುಂಬಿ ಬಂದವು.

"ಖರೇ. ನಿನಗ ಯಾರ ಹೇಳಿದ್ರು?"

"ಊರಿಗೆ ಊರ ಹೇಳಾಕತ್ತೈತಿ. ಎಲ್ಲಾ ಪದ್ಧತೀನೂ ಬದಲ?"

"ಒಂದೂ ಬಿಡಂಗಿಲ್ಲ. ಒಂದ ಬಿಟ್ರ ಉಳದದ್ದೂ ಕೆಡತಾವು."

"ಬೀಗರನ್ನ ಒಂದ ಮಾತ ಕೇಳಬೇಕಿತ್ತಿಲ್ಲ?"

"ಅವರು ಕಿರಾಣಿ ಮಂದಿ. ಅವರಿಗೇನ ತಿಳೀತೈತಿ ಇದ್ರಾಗ?"

"ಶೀತಲಗರೆ ಗೊತ್ತೈತೋ ಇಲ್ಲೋ?"

"ಅಕಿಗೆ ಎಲ್ಲಾರಕಿಂತ ಮೊದಲ ತೋರಿಸೀನಿ. ಅಪ್ಪಾ, ಇದು ಭಾಳ ಸಸಾರ ಆತು, ಹಗರ ಆತು ಅಂದಳು."

ನಂದಾ ಹಿಟ್ಟಿನ ಡಬ್ಬಿಯ ಮೇಲೆಯೇ ಕೂತುಬಿಟ್ಟರು. ಅಪ್ಪ ಮಗಳು ಕೂಡಿಯೇ ಮಾಡಿದ್ದಾರೆ. ಸರ್ ಮಾತ್ರ ಆ ದಿನ ಎರಡು ರೊಟ್ಟಿ ಹೆಚ್ಚು ತಿಂದರು. ಹೆಂಡತಿಗೆ ತಮ್ಮ ಕೆಲಸದಲ್ಲಿ ಇಷ್ಟು ಆಸ್ಥೆ ಇದ್ದದ್ದು ಇಷ್ಟು ವರ್ಷ ತಮಗೆ ಗೊತ್ತೇ ಆಗಲಿಲ್ಲವಲ್ಲ ಎಂದು ಮರುಗಿದರು.

ಶನಿವಾರ ಕ್ಲಾಸಿಗೆ, ಊರಿನ ಕಾಯ್ದೆ ಕಾನೂನು ನೋಡಿಕೊಳ್ಳುವ ಪೋಲೀಸ ಪಾಟೀಲರು ಬಂದರು. ಗೊಲ್ಲಾಳಪ್ಪ ಪಾಟೀಲರು ಇಸ್ತ್ರಿ ಮಾಡಿದ ಟೋಪಿ ಹಾಕಿಕೊಂಡು ಬಂದರೆ ಅದು ಚೌಕಶಿಗೆ, ವಿಚಾರಣೆಗೆ ಎಂದು ಅರ್ಥ. ಇಸ್ತ್ರಿಯಿಲ್ಲದ ಟೋಪಿಯಾದರೆ ಚಹಾಕ್ಕೆ. ಅಂದು ಟೋಪಿಯ ಮಡಿಕೆ ಚಾಕುವಿನಂತಿತ್ತು.

"ಬರ್ರಿ ಪಾಟೀಲ್ರ, ಕುಂದ್ರಿ," ಎಂದರು ಸರ್, ಪರದೆಯಿಂದ ಕಣ್ಣು ಕೀಳದೆ.

"ಸರ, ತಪ್ಪ ತಿಳಕೋಬ್ಯಾಡ್ರಿ. ನಾ ಕೇಳಬೇಕಾಕ್ಕೈತಿ. ಈ ಪದ್ಧತಿ ಬದಲ ಮಾಡಾಕ ಯಾರ ಪರವಾನಗಿ ತಗೊಂಡೀರಿ?"

"ಪರವಾನಗಿ ಯಾಕ್ರಿ? ನಾನ ಹುಟ್ಟಿಸಿದ್ದು, ನಾನ ಬದಲ ಮಾಡಾಕತ್ತೀನಿ."

"ಪದ್ಧತಿ ನೀವು ಹುಟ್ಟಿಸಿದ್ದು?"

"ಹೌದ್ರಿ. ಕೊರೋನಾದಾಗ ಮನ್ಯಾಗ ಖಾಲಿ ಕುಂತಿದ್ನಲ್ಲ, ಆವಾಗ."

ಪದ್ಧತಿಗಳೆಲ್ಲ ಮುತ್ತಜ್ಜನ ಕಾಲದಿಂದ ಬಂದವು ಎಂದು ಅಲ್ಲಿಯವರೆಗೆ ನಂಬಿದ್ದ ಪಾಟೀಲರು ಟೋಪಿ ತೆಗೆದು, ತಲೆ ಒರೆಸಿಕೊಂಡು, ಮತ್ತೆ ಹಾಕಿಕೊಂಡರು.

"ಹಳೇ ಮಂದಿ ಕೇಳಲಿಲ್ಲಂದ್ರ ಏನ ಮಾಡತೀರಿ?"

"ನಾ ಏನ ಮಾಡೂದೈತ್ರಿ. ಯಂತ್ರ ಐತಲ್ಲ. ಅಲ್ಲೇ ಅಡ್ಡ ನಿಲ್ಲತೈತಿ. ಮುಂದ ಒಂದ ಹೆಜ್ಜಿ ಬಿಡಂಗಿಲ್ಲ."

"ಯಂತ್ರ ಅಂದ್ರ, ಜೆಸಿಬಿ?"

ಸರ್ ಅವರ ಕಿವಿ ಆ ಹೊತ್ತಿಗೆ ಪರದೆಯೊಳಗೆ ಹೋಗಿತ್ತು. "ದೊಡ್ಡದ ಬೇಕಂತೇನ ಇಲ್ರಿ," ಎಂದರು. "ಸಣ್ಣದರ ಮ್ಯಾಲೂ ನಡೀತೈತಿ."

ಮಧ್ಯಾಹ್ನದೊಳಗೆ ಊರಿಗೆ ಸೋಮವಾರ ಜೆಸಿಬಿ ಬರುವುದು ನಿಕ್ಕಿಯಾಯಿತು. ಪದ್ಧತಿಗೂ ಜೆಸಿಬಿಗೂ ಏನು ಸಂಬಂಧವೆಂದು ಯಾರೂ ಕೇಳಲಿಲ್ಲ. ಅದು ಬರುತ್ತದೆ ಎಂದ ಮೇಲೆ ಸಂಬಂಧ ತಾನಾಗಿ ಹುಟ್ಟಿಕೊಳ್ಳುತ್ತದೆ. ಮನೆಯ ಕಟ್ಟೆಯನ್ನು ರಸ್ತೆಯವರೆಗೆ ಚಾಚಿ ಕಟ್ಟಿಸಿಕೊಂಡಿದ್ದ ಬಜಾರದ ಕೆಲವರು ತಾವೇ ಹಾರೆ ತಂದು ಒಡೆದು ಹಿಂದಕ್ಕೆ ಸರಿಸಿದರು. ವರ್ಷಗಟ್ಟಲೆ ಸಿಕ್ಕಿಹಾಕಿಕೊಳ್ಳುತ್ತಿದ್ದ ಎಸ್‌ಟಿ ಬಸ್ಸು ಅಂದು ಹಾರ್ನು ಹೊಡೆಯದೆ ಹೋಯಿತು. ಡ್ರೈವರನು ಊರು ತಪ್ಪಿತೆಂದು ತಿಳಿದು ಮುಂದೆ ಹೋಗಿ ಬೋರ್ಡು ಓದಿಕೊಂಡನಂತೆ.

ಅದೇ ಬಸ್ಸಿನಲ್ಲಿ ಸುದ್ದಿ ಡಫಳಾಪುರ ಮುಟ್ಟಿತು. ದೀಪ ಹಚ್ಚುವ ಹೊತ್ತಿಗೆ ಅಪ್ಪಾಸಾಹೇಬರ ಫೋನು ಬಂತು. ಅಪ್ಪಾಸಾಹೇಬರು ಸದಾ ದೊಡ್ಡ ದನಿಯ ಮನುಷ್ಯರು. ಅಂದು ದನಿ ಬಲು ಮೆತ್ತಗಿತ್ತು.

"ಬೀಗರ, ನಾಳಿ ನಿಮ್ಮ ಮನಿಗೆ ಬರತೀವ್ರಿ. ಸ್ವಲ್ಪ ಮಾತಾಡೂದೈತಿ. ನಮ್ಮ ಸೋಮನಿಂಗಪ್ಪ ಮಾಮಾರೂ ಬರತಾರ."

"ಬರ್ರಿ ಬರ್ರಿ," ಎಂದು ಸರ್ ಫೋನಿಟ್ಟು ಹೆಂಡತಿಗೆ ಹೇಳಿದರು. ಸೋಮನಿಂಗಪ್ಪ ಎಂಬ ಹೆಸರು ಕೇಳಿದ್ದೇ ನಂದಾ ಗೋಡೆ ಹಿಡಿದರು.

ಸೋಮನಿಂಗಪ್ಪ ಎಂದರೆ ಹುಡುಗನ ಸೋದರಮಾವ. ಆ ಮನೆತನದ ಮದುವೆಯಲ್ಲಿ ಸಿಟ್ಟು ಮಾಡುವುದು ಅವರ ಪಾಲಿಗೆ ಬಂದ ಮಾನ. ಮದುವೆ ನಡೆಯುವ ಊರಲ್ಲಿ ಒಂದು ಗಿಡ ಹುಡುಕಿ, ಮುಖ ತಿರುಗಿಸಿ ಅದರ ಬುಡಕ್ಕೆ ಕೂರುವುದು. ಹೆಣ್ಣಿನ ಕಡೆಯವರು ಶಾಲು, ಟೋಪಿ, ಕಾಯಿ ಹಿಡಿದು ಬಂದು ರಮಿಸುವುದು. ಇವರು ಬರುವುದಿಲ್ಲ ಎನ್ನುವುದು. ಒಂದು ಸಲ ರಮಿಸುವವರು ಗಿಡ ತಪ್ಪಿ ಬೇರೆ ಯಾರನ್ನೋ ರಮಿಸಿ ಕರೆತಂದದ್ದಕ್ಕೆ ತಾಳಿ ಕಟ್ಟುವ ಹೊತ್ತು ಮೀರಿತ್ತು. ಅಂಥವರು ಮದುವೆಗೆ ಮೊದಲೇ, ಅದೂ ತಾವಾಗಿ, ಬರುತ್ತಾರೆಂದರೆ ಸಂಬಂಧ ಮುರಿಯಲಿಕ್ಕೇ ಸೈ.

"ಮಾಡೂದೆಲ್ಲಾ ಮಾಡಿ ಈಗ ಬರ್ರಿ ಬರ್ರಿ ಅಂತೀರಿ," ಎಂದರು ನಂದಾ. "ಮಗಳ ಮದವಿ ಪದ್ಧತಿ ಬಂದ್ ಮಾಡಿದ್ರ ಅವರ ಸುಮ್ನ ಕುಂದರತಾರ?"

"ಯಾರ ಮದವಿ ಪದ್ಧತಿ?" ಎಂದರು ಸರ್.

ಆಗ ಒಳಗಿನಿಂದ ಸರ್ ಅವರ ತಾಯಿ ಯಲ್ಲವ್ವ ಬಂದು, ಊರಲ್ಲಿ ನಡೆದದ್ದನ್ನೆಲ್ಲ ಸಾವಕಾಶವಾಗಿ ಬಿಡಿಸಿ ಹೇಳಿದರು. ಗಿರಣಿ, ದುಂಡವ್ವ, ಪಾಟೀಲರು, ಜೆಸಿಬಿ. ಸರ್ ಅವರ ಮುಖ ಒಂದೊಂದಕ್ಕೂ ಒಂದೊಂದು ಬಣ್ಣಕ್ಕೆ ತಿರುಗಿತು. ಎಲ್ಲಿ ಎಡವಿದ್ದು ಎಂದು ಕೊನೆಗೂ ತಿಳಿದದ್ದೇ ತಡ, ಅವರು ಫೋನು ಎತ್ತಿಕೊಂಡರು. ನಂದಾ ಬೇಡವೆನ್ನುವಷ್ಟರಲ್ಲಿ ಆಚೆ ಅಪ್ಪಾಸಾಹೇಬರು ಹಲೋ ಎಂದಾಗಿತ್ತು.

"ಬೀಗರ, ಅದು ನಿಮ್ಮ ಪದ್ಧತಿ ಅಲ್ರಿ. ಕುರಿ ಪದ್ಧತಿ."

ಆಚೆ ಕಡೆ ಫೋನು ಒಂದು ಕಿವಿಯಿಂದ ಇನ್ನೊಂದಕ್ಕೆ ಹೋದ ಸಪ್ಪಳವಾಯಿತು.

"ಏನಂದ್ರಿ?"

"ಕುರೀದ್ರಿ. ಕುರಿ ಹೆಂಗ ಮೇಯತಾವು, ಹೆಂಗ ಒಂದರ ಹಿಂದ ಒಂದ ನಡೀತಾವು, ಹೆಂಗ ಒದರತಾವು. ಅದನ್ನ ಹೇಳಿದ್ದು ನಾ."

"ನಿಶ್ಚಯದ ದಿನ ಸಾಕರಪುಡಾದಾಗ ನಮ್ಮ ಮಂದಿ ಊಟಕ್ಕ ಕುಂತದ್ದ ನೋಡಿ ಹೇಳಾಕತ್ತೀರೇನ್ರಿ?"

"ಅಲ್ರಿ ಅಲ್ರಿ, ನಿಮ್ಮ ವರ್ಗಾನ ಬ್ಯಾರೆ—"

ನಂದಾ ಫೋನು ಕಸಿದುಕೊಂಡು ಬಂದ್ ಮಾಡಿದರು. ಆ ಮನೆಯಲ್ಲಿ ಅಂದು ಅದೊಂದೇ ಸರಿಯಾದ ಕೆಲಸ ನಡೆದದ್ದು.

ಮರುದಿನ ಮಧ್ಯಾಹ್ನ ಒಂದು ಕ್ರೂಸರ್ ಗಾಡಿ ಬಂದು ನಿಂತಿತು. ಒಳಗಿನಿಂದ ಅಪ್ಪಾಸಾಹೇಬರು, ಅವರ ಹೆಂಡತಿ ರುಕ್ಮವ್ವ, ಮಹಾಂತ ಇಳಿದರು. ಕೊನೆಗೆ, ಹಿಂದಿನ ಬಾಗಿಲಿಂದ, ದಪ್ಪ ಮೀಸೆಯ ಸೋಮನಿಂಗಪ್ಪ. ಇಳಿದವರೇ ಅಭ್ಯಾಸಬಲದಿಂದ ಅತ್ತಿತ್ತ ನೋಡಿದರು. ಅಂಗಳದ ಮೂಲೆಯಲ್ಲಿ ಒಂದು ಬೇವಿನ ಗಿಡವಿತ್ತು. ಅದನ್ನು ಕಂಡು ಒಂದು ನಿಟ್ಟುಸಿರು ಬಿಟ್ಟರು, ಆದರೆ ಅತ್ತ ಹೋಗಲಿಲ್ಲ. ಒಳಗೆ ಬಂದರು. ಕುಂದ್ರಿ ಎಂದರೆ ಕೂತರು. ಚಹಾ ಕೊಟ್ಟರೆ ಒಂದೇ ಮಾತಿಗೆ ಕುಡಿದರು. ಇದನ್ನೆಲ್ಲ ಬಾಗಿಲ ಸಂದಿಯಿಂದ ನೋಡುತ್ತಿದ್ದ ನಂದಾ ಮನೆದೇವರಿಗೆ ಒಂದು ಕಾಯಿಯ ಹರಕೆ ಹೊತ್ತರು. ಈ ಮನುಷ್ಯ ಸಿಟ್ಟು ಮಾಡದಷ್ಟು ಸಿಟ್ಟಾಗಿದ್ದಾನೆ.

ಗೋಡೆಯ ಆಚೆ ದುಂಡವ್ವ ಸಂಡಿಗೆ ಒಣಗಿದೆಯೋ ಇಲ್ಲವೋ ಎಂದು ಒಂದೊಂದನ್ನೂ ಮುಟ್ಟಿ ನೋಡುತ್ತಿದ್ದಳು. ಪಾಟೀಲರು ಚಾಕುವಿನಂಥ ಟೋಪಿಯಲ್ಲಿ ಬಾಗಿಲ ಬಳಿ ಬಂದು ನಿಂತರು.

ಅಪ್ಪಾಸಾಹೇಬರು ಗಂಟಲು ಸರಿಮಾಡಿಕೊಂಡು ಏನೋ ಹೇಳಹೊರಟರು. ಸರ್ ಬಿಡಲಿಲ್ಲ. ಬೆಳಗಿನಿಂದ ಇದಕ್ಕೇ ಸಿದ್ಧವಾಗಿ ಕೂತಿದ್ದ ಅವರು ಲ್ಯಾಪ್‌ಟಾಪ್ ತಂದು ನಡುವೆ ಇಟ್ಟು ಕೈ ಮುಗಿದರು.

"ಬೀಗರ, ಮೊದಲ ನಾ ಹೇಳತೀನಿ. ಇದನ್ನ ನೋಡ್ರಿ. ಆಮ್ಯಾಲ ನೀವು ಏನರೆ ಅನ್ರಿ, ನಾ ಕೇಳಸಕೋತೀನಿ."

ಕೇಳಿಸಿಕೊಳ್ಳುತ್ತೇನೆ ಎಂದು ಗಂಡ ಹೇಳಿದ್ದನ್ನು ನಂದಾ ಕೇಳಿದ್ದು ಅದೇ ಮೊದಲು.

ಸರ್ 'ಕುರಿ' ಎಂದು ಟೈಪ್ ಮಾಡಿದರು. ವರ್ಗ ಎಂದರೆ ಇದು, ವಸ್ತು ಎಂದರೆ ಇದು, ತಾಯಿ ವರ್ಗ ಮಗಳ ವರ್ಗ ಎಂದರೆ ಕುರಿ ಮತ್ತು ಅದರದೇ ಒಂದು ತಳಿಯಾದ ಎಳಗ ಎಂದರು. ಹಳೆಯ ರೀತಿಯಲ್ಲಿ 'ತಾನು' ಬಿಟ್ಟು ಬರೆದು ಕೆಂಪಕ್ಷರ ತೋರಿಸಿದರು. ಹೊಸ ರೀತಿಯಲ್ಲಿ 'ಒದರು' ಎಂದು ಒಂದೇ ಮಾತು ಬರೆದು ಒತ್ತಿದರು. ಲ್ಯಾಪ್‌ಟಾಪಿನೊಳಗಿಂದ ಕುರಿ ಬ್ಯಾ ಎಂದಿತು. ಹಿತ್ತಲಿನಿಂದ ಎಮ್ಮೆ ಅದಕ್ಕೆ ಉತ್ತರ ಕೊಟ್ಟಿತು.

"ಅಂದ್ರ ಇದು ಕಂಪ್ಯೂಟರದ ಪದ್ಧತಿ," ಎಂದರು ಅಪ್ಪಾಸಾಹೇಬರು 'ಬ್ಯಾ' ನಿಂತ ಮೇಲೆ.

"ಹೌದ್ರಿ."

"ಮದವಿ ಪದ್ಧತಿ ಬದಲ ಆಗಂಗಿಲ್ಲ."

"ಒಂದೂ ಇಲ್ರಿ. ಆಯೇರ, ಮಾನಪಾನ, ಎಲ್ಲಾ ಇದ್ದದ್ದು ಇದ್ದಾಂಗ. ನೀವು ನಿಶ್ಚಿಂತಿ ಇರ್ರಿ."

ಸರ್ ಬೆವರು ಒರೆಸಿಕೊಂಡು ಎಲ್ಲರ ಮುಖ ನೋಡಿದರು. ನಗು ಬರಬೇಕಾಗಿತ್ತು. ಬರಲಿಲ್ಲ. ಕರೆಂಟು ಹೋದ ಹಂದರದ ಹಾಗೆ ಮುಖಗಳೆಲ್ಲ ಒಂದೇ ಸಲ ಆರಿದವು.

ಮೊದಲು ಮಾತಾಡಿದವರು ರುಕ್ಮವ್ವ. "ಅಯ್ಯ ಶಿವನ," ಎಂದರು ಸಣ್ಣ ದನಿಯಲ್ಲಿ. "ಆಯೇರ ಬಂದ್ ಅಂತ ಕೇಳಿ ಭಾಳ ದಿನದ ಮ್ಯಾಲ ನಿದ್ದಿ ಹತ್ತಿತ್ತು ನನಗ. ಒಂದ ಹಸರ ಸೀರಿ ಐತ್ರಿ ನಮ್ಮ ಬಳಗದಾಗ. ನಾ ಕೊಟ್ಟೀನಿ, ತಿರಗಿ ನನಗ ಬಂದೈತಿ, ಮತ್ತ ಕೊಟ್ಟೀನಿ, ಮತ್ತ ಬಂದೈತಿ. ಇನ್ನತನಾ ಅದರ ಘಡಿ ಯಾರೂ ಬಿಚ್ಚಿಲ್ಲ. ಈ ಮದವ್ಯಾಗೂ ಅದು ಬರತೈತಿ, ನೋಡ್ರಿ ಬೇಕಾದ್ರ."

ಬಾಗಿಲ ಸಂದಿಯಲ್ಲಿದ್ದ ನಂದಾ ಬೆಚ್ಚಿದರು. ಯಾವುದೋ ಮದುವೆಯಲ್ಲಿ ಆಯೇರ ಬಂದು, ಈ ಬೀಗರಿಗೇ ಕೊಡಲೆಂದು ತೆಗೆದಿಟ್ಟ ಆ ಸೀರೆ ಆಗಲೇ ತಮ್ಮ ಟ್ರಂಕಿನಲ್ಲಿತ್ತು.

"ನಾವು ಹೂಂ ಅಂತ ಹೇಳಿ ಹೋಗಾಕ ಬಂದಿದ್ವಿ," ಎಂದರು ಅಪ್ಪಾಸಾಹೇಬರು. "ನಾವಾಗೇ ಬ್ಯಾಡ ಅಂದ್ರ ಮಂದಿ ಏನಂತಾರೋ ಅಂತ ಇಷ್ಟ ದಿನಾ ಸುಮ್ನಿದ್ವಿ. ನೀವು ಜಾಹೀರ ಮಾಡಿದ್ದ ಕೇಳಿ, ಭಲೇ ಧೈರ್ಯದ ಬೀಗರು ಸಿಕ್ರು ಅಂತ ಹಿಗ್ಗಿದ್ವಿ. ಆ ಕುರಿ ಮಾತಿಗೂ ಬ್ಯಾಸರಾಗಲಿಲ್ಲ. ಖರೇನ ಐತಿ, ನಾವು ಕುರಿ ಹಂಗ ಒಬ್ಬರ ಹಿಂದ ಒಬ್ಬರು ಹೊಂಟೀವಲ್ಲ."

ಸೋಮನಿಂಗಪ್ಪನವರು ಕಿಟಕಿಯಿಂದ ಕಾಣುವ ಬೇವಿನ ಗಿಡವನ್ನೇ ನೋಡುತ್ತಿದ್ದರು.

"ಅಂದ್ರ," ಎಂದರು, "ನಾ ಮತ್ತ ಗಿಡದ ಬುಡಕ ಕುಂದ್ರಬೇಕು."

ಅವರು ಗಿಡದಿಂದ ಕಣ್ಣು ಕಿತ್ತು ಸರ್ ಕಡೆಗೆ ತಿರುಗಿದರು.

"ನನಗ ಸಿಟ್ಟ ಅಂತ ಬರೂದ ಇಲ್ರಿ ಸರ. ಹುಟ್ಟಿದಾಗಿಂದ ಬಂದಿಲ್ಲ. ನಮ್ಮ ಅಪ್ಪ ಕುಂದರತಿದ್ದ, ಅವನ ಹಿಂದ ನನ್ನ ಕುಂದರಿಸಿದ್ರು. ಬಿಸಲಾಗ ಕುಂದ್ರೂದು. ಇರಿವಿ ಕಡೀತಾವು, ಹೂಂ ಅನ್ನಂಗಿಲ್ಲ. ಅತ್ತಾಗಿಂದ ಹುಗ್ಗಿ ವಾಸನಿ ಬರತಿರತೈತಿ. ಮಂದಿ ಎಲ್ಲಾ ಉಂಡ ಕೈ ತೊಳಕೋತಿರತಾರ, ನನ್ನ ರಮಿಸಿ ಕರಕೊಂಡ ಹೋಗೂದರಾಗ ಹುಗ್ಗಿ ಆರಿ ಕಲ್ಲಾಗಿರತೈತಿ. ಇಷ್ಟ ಮದವಿ ಮಾಡೀನಿ, ಒಂದ ಮದವ್ಯಾಗೂ ಬಿಸಿ ಹುಗ್ಗಿ ಉಂಡಿಲ್ಲ. ನಿನ್ನಿ ಸುದ್ದಿ ಕೇಳಿ ನಮ್ಮ ಮನಿಯಾಕಿ ಅಂದಳು, ಇನ್ನರೆ ನೀವು ಬಿಸಿದು ಉಣ್ಣತೀರಿ ಅಂತ."

ದಪ್ಪ ಮೀಸೆಯ ಆ ಮನುಷ್ಯ ಹೆಗಲ ಮೇಲಿನ ವಲ್ಲಿಯಿಂದ ಮೂಗು ಒರೆಸಿಕೊಂಡರು. ಪೋಲೀಸ ಪಾಟೀಲರು ಬೇರೆ ಕಡೆ ನೋಡಿದರು. ಗೋಡೆಯ ಆಚೆಯಿಂದಲೂ ಒಂದು ಮೂಗೊರೆಸುವ ಸಪ್ಪಳ ಕೇಳಿತು.

ಆ ಹೊತ್ತಿಗೆ ಚಹಾದ ಗ್ಲಾಸು ಎತ್ತಿಕೊಳ್ಳಲು ಬಂದ ಶೀತಲ ಅಲ್ಲೇ ನಿಂತಳು. ಮಹಾಂತನ ಕಡೆಗೊಮ್ಮೆ ನೋಡಿದಳು. ಮಹಾಂತ ಬಂದಾಗಿನಿಂದ ಲ್ಯಾಪ್‌ಟಾಪಿನ ಕುರಿಯನ್ನೇ ನೋಡುತ್ತಿದ್ದವನು ತಲೆಯಾಡಿಸಿದ.

"ಅಪ್ಪಾ," ಎಂದಳು ಶೀತಲ, "ಹೇಳೂದಂತೂ ಹೇಳಿ ಆಗೇತಿ. ಊರಿಗೂ ಗೊತ್ತಾಗೇತಿ, ಡಫಳಾಪುರಕೂ ಗೊತ್ತಾಗೇತಿ. ಈಗ ಅಲ್ಲ ಅನ್ನೂದಕ್ಕಿಂತ ಹೌದ ಅನ್ನೂದ ಸಸಾರ ಅಲ್ಲೇನು?"

ಹಿರಿಯರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಎಲ್ಲರೂ ಯಲ್ಲವ್ವನ ಮುಖ ನೋಡಿದರು. ಆ ಕೋಣೆಯಲ್ಲಿ ಅವರಿಗಿಂತ ಹಳೆಯದು ಗೋಡೆಯೊಂದೇ.

"ನನ್ನ ಯಾಕ ನೋಡತೀರಿ?" ಎಂದರು ಯಲ್ಲವ್ವ ಎಲೆ ಅಡಿಕೆ ಜಗಿಯುತ್ತ. "ಬ್ಯಾಡಾದವರು ಬಿಡ್ರಿ. ಬೇಕಾದವರು ಮಾಡ್ರಿ. ನಾಳಿ ಯಾವಾಕಿನರೆ ನನಗ ಆಯೇರ ಮಾಡೂದೈತಿ ಅಂತ ಜಂಪರ್ ಪೀಸ್ ಹಿಡಕೊಂಡ ಬಂದ್ರ ಹೊರಗ ಹಾಕಬ್ಯಾಡ್ರಿ. ಹಳಬರು ಹಳೇದ ಮಾಡಲಿ, ಹೊಸಬರು ಹೊಸದ ಮಾಡಲಿ. ಎರಡೂ ನಡೀಲಿ."

ಸರ್ ಕೂತಲ್ಲೇ ನೆಟ್ಟಗಾದರು.

"ಎರಡೂ ನಡೀಲಿ," ಎಂದರು. "ಯವ್ವಾ, ಎರಡೂ ನಡೀತಾವು. ಇದು ನನಗ ಯಾಕ ಹೊಳೀಲಿಲ್ಲ? ಹಳೇದ ಕಂಡ್ರ ಒಳಗಿಂದೊಳಗ ಹೊಸದಕ್ಕ ತಿರುವಿ ಓಡಸೂದು. ಯಾರದೂ ಕೆಡಂಗಿಲ್ಲ."

ಅವರು ಹೇಳಿದ್ದು ಕೋಲಿನ ಬಗ್ಗೆ. ಕೂತವರು ತಿಳಿದದ್ದು ಮದುವೆಯ ಬಗ್ಗೆ. ಹುಡುಗಿಯ ತಂದೆ ಇಷ್ಟು ಖುಷಿಯಿಂದ ಒಪ್ಪಿದ ಮೇಲೆ ಇನ್ನೇನು ಎಂದು ಅಪ್ಪಾಸಾಹೇಬರು ಎದ್ದು ಅವರನ್ನು ತಬ್ಬಿಕೊಂಡರು. ಈ ಸಲ ಯಾರೂ ಬಿಡಿಸಿ ಹೇಳುವ ಗೋಜಿಗೆ ಹೋಗಲಿಲ್ಲ. ನಂದಾ ಒಳಗೆ ಹೋಗಿ ದೇವರಿಗೆ ಕೈ ಮುಗಿದು, ಆಮೇಲೆ ಟ್ರಂಕಿನ ಹಸಿರು ಸೀರೆ ತೆಗೆದು, ಅದರ ಘಡಿ ಬಿಚ್ಚಿ, ಹೊರಗೆ ತಂದು ರುಕ್ಮವ್ವನಿಗೆ ತೋರಿಸಿದರು. ಇಬ್ಬರೂ ನಗುತ್ತ ಎಷ್ಟು ಹೊತ್ತು ಕೂತರೆಂದರೆ ಅಡುಗೆಗೆ ತಡವಾಯಿತು. ಸೀರೆಯ ನಡುವೆ ಇಲಿ ಹೊಡೆದ ತೂತು ಇತ್ತು. ಅದನ್ನು ಯಾವ ಮನೆಯ ಇಲಿ ಹೊಡೆದದ್ದು ಎಂಬುದು ಮಾತ್ರ ತೀರ್ಮಾನವಾಗಲಿಲ್ಲ.

ಸೋಮವಾರ ಸರ್ ಭಾಷಣ ಮಾಡಲಿಲ್ಲ. ಹೊಸ ರೀತಿಯನ್ನು ಹಲಗೆಯ ಮೇಲೆ ಬರೆದು, ಹಳೆಯದೂ ನಡೆಯುತ್ತದೆ ಎಂದು ಹೇಳಿ ಕೂತರು. ಹಳೆಯ ರೀತಿಯಲ್ಲಿ ಬರೆದರೆ ಈಗ ಪರದೆಯ ಕೆಳಗೆ ಹಳದಿ ಅಕ್ಷರದಲ್ಲಿ 'ನಡೀತೈತಿ, ಆದರ ಹೊಸದು ಸಸಾರ' ಎಂದು ಬರುತ್ತಿತ್ತು. ದಾಕ್ಷಾಯಣಿ 'ಮೇಯು ಹುಲ್ಲು' ಎಂದು ಬರೆದಳು. ಕುರಿ ಮೇಯಿತು. ಯಾರೂ 'ತಾನು ಎಲ್ಲಿ' ಎನ್ನಲಿಲ್ಲ. ಕೆಳಗೆ ಗೊಬ್ಬರದಂಗಡಿಯಲ್ಲಿ ಮಂದಿ ಪ್ರವಚನ ಮುಗಿಯಿತೇನೋ ಎಂದು ಚಪ್ಪಲಿ ಮೆಟ್ಟಿಕೊಂಡರು. ಜೆಸಿಬಿ ಬರಲಿಲ್ಲ. ಕಟ್ಟೆ ಒಡೆದುಕೊಂಡವರು ಪಾಟೀಲರನ್ನು ಕೇಳಲು ಹೋದರೆ ಪಾಟೀಲರು ಇಸ್ತ್ರಿಯಿಲ್ಲದ ಟೋಪಿಯಲ್ಲಿ ಚಹಾ ಕುಡಿಯುತ್ತಿದ್ದರು.

ದೀಪಾವಳಿ ಕಳೆದು ಮದುವೆಯಾಯಿತು. ಆಯೇರವಿಲ್ಲ, ಮಾನಪಾನವಿಲ್ಲ; ತರಲೇಬೇಕೆಂದು ತಂದ ಕೆಲವರನ್ನು ಯಲ್ಲವ್ವ ನಕ್ಕು ಒಳಗೆ ಕರೆದರು. ಅಕ್ಕಿಕಾಳು ಬಿದ್ದ ಕೂಡಲೇ ಸೋಮನಿಂಗಪ್ಪನವರು ಎಲ್ಲರಿಗಿಂತ ಮೊದಲು ಹೋಗಿ ಮೊದಲ ಪಂಕ್ತಿಯಲ್ಲಿ ಕೂತರು. ಗೋಧಿ ಹುಗ್ಗಿ ಬಂತು. ಹೊಗೆಯಾಡುತ್ತಿತ್ತು. ಅವರು ಮೊದಲ ತುತ್ತಿಗೆ ಬಾಯಿ ಸುಟ್ಟುಕೊಂಡು, ಕಣ್ಣಲ್ಲಿ ನೀರು ತಂದುಕೊಂಡು, "ಭಾಳ ಚಲೋ ಐತಿ," ಎಂದರು. ಎರಡನೆಯ ತುತ್ತಿಗೂ ಸುಟ್ಟುಕೊಂಡರು. ಆರಲಿ ಎಂದು ಯಾರೋ ಹೇಳಿದ್ದಕ್ಕೆ ಎಂದೂ ಬರದ ಸಿಟ್ಟು ಅವರಿಗೆ ಬರುವುದರಲ್ಲಿತ್ತು.

ಉಂಡು ಕೈ ತೊಳೆದ ಮೇಲೆ ಒಂದು ಸಮಸ್ಯೆಯಾಯಿತು. ಜೀವಮಾನವೆಲ್ಲ ಮದುವೆಯಲ್ಲಿ ಒಂದು ಜವಾಬ್ದಾರಿ ಹೊತ್ತಿದ್ದವರಿಗೆ ಈಗ ಕೈ ಖಾಲಿ. ಅತ್ತಿತ್ತ ಸುಳಿದಾಡಿ, ಕೊನೆಗೆ ಬಡಿಸುವವನ ಕೈಯಿಂದ ತುಪ್ಪದ ಗಿಂಡಿ ತೆಗೆದುಕೊಂಡು ತಾವೇ ಹೊರಟರು. ಹುಡುಗನ ಸೋದರಮಾವ ಬಗ್ಗಿ ಬಡಿಸುವಾಗ ಬೇಡವೆನ್ನುವುದು ಹೇಗೆ? ಯಾರೂ ಎನ್ನಲಿಲ್ಲ. ರಾಮಲಿಂಗ ಸರ್ ಅವರ ತಟ್ಟೆಯಲ್ಲಿ ಹುಗ್ಗಿ ಕಾಣದಷ್ಟು ತುಪ್ಪ ನಿಂತಿತ್ತು. ಎದುರು ಪಂಕ್ತಿಯಲ್ಲಿ ಮಗಳು ಗಂಡನಿಗೆ ಏನೋ ಹೇಳಿ ನಗುತ್ತಿದ್ದಳು. ಸರ್ ಅದನ್ನು ನೋಡಿದರು, ಈ ಸಲ ಕಣ್ಣೂ ಕಿವಿಯೂ ಎರಡೂ ಅಲ್ಲಿಯೇ ಇದ್ದವು. ಎಷ್ಟೋ ದಿನದ ಮೇಲೆ ಉಸಿರು ಹೊಟ್ಟೆಯ ತಳದವರೆಗೆ ಇಳಿಯಿತು. ಆಮೇಲೆ ತುಪ್ಪವೂ ಇಳಿಯಿತು.

ಇದಾಗಿ ಎರಡೇ ವರ್ಷ. ಈಗ ಆ ಬಳಗದಲ್ಲಿ ಯಾರ ಮದುವೆಯಾದರೂ ವರನ ಸೋದರಮಾವ ತುಪ್ಪ ಬಡಿಸದೆ ಪಂಕ್ತಿ ಉಣ್ಣಲು ಸುರು ಮಾಡುವುದಿಲ್ಲ. ಯಾಕೆಂದು ಕೇಳಿದರೆ, ಅದು ಮುತ್ತಜ್ಜನ ಕಾಲದಿಂದ ಬಂದ ಪದ್ಧತಿ ಎನ್ನುತ್ತಾರೆ.